33 ದಿನ, ದಿನಕ್ಕೆ 10 ಸಾವಿರ ಹೆಜ್ಜೆ: ಮಕ್ಕಳ ಟಂಟಂ ಬಾಡಿಗೆಗೆ ದುಡ್ಡು ಕೂಡಿಸಬೇಕು, ಸಲಹೆ ಕೊಡ್ರಿ

ಉಣಕಲ್ ದಂಡೆ · ಅಕ್ಟೋಬರ್ 19

ನಮಸ್ಕಾರ ಎಲ್ಲರಿಗೂ. ನಾನು ಹುಬ್ಬಳ್ಳಿಯವಳು, ವಯಸ್ಸು 43. ದಿನಕ್ಕೆ ಎಂಟು ತಾಸು ಕೂತು ಮಾಡುವ ಕೆಲಸ. ನನ್ನ ನಡಿಗೆ ಅಂದರೆ ಮನೆಯಿಂದ ಗಾಡಿ ತನಕ, ಗಾಡಿಯಿಂದ ಲಿಫ್ಟ್ ತನಕ. ಹಾಗಾಗಿ ಮುಂದೆ ಬರೆದದ್ದನ್ನು ಓದಿ ನಗಬೇಡಿ.

ನನ್ನ ತಂಗಿಯ ಮಗನಿಗೆ ಒಂಬತ್ತು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗೋದಿಲ್ಲ. ವಾರಕ್ಕೆ ಮೂರು ದಿನ ಒಂದು ಸಣ್ಣ ಟ್ರಸ್ಟಿನ ಥೆರಪಿ ಸೆಂಟರ್‌ಗೆ ಹೋಗುತ್ತಾನೆ. ನಮ್ಮ ಭಾಗದ ಆರು ಮಕ್ಕಳು ಒಂದೇ ಟಂಟಂನಲ್ಲಿ, ಅಂದರೆ ಮೂರು ಗಾಲಿಯ ದೊಡ್ಡ ಆಟೋದಲ್ಲಿ, ಹೋಗಿ ಬರುತ್ತಿದ್ದರು. ತಿಂಗಳ ಬಾಡಿಗೆ 12 ಸಾವಿರ. ಅದನ್ನು ಕೊಡುತ್ತಿದ್ದ ಹಿರಿಯರು ತೀರಿಕೊಂಡರು, ಟಂಟಂ ನಿಂತಿತು. ಈಗ ಆರರಲ್ಲಿ ಇಬ್ಬರು ಮಾತ್ರ ಬರುತ್ತಿದ್ದಾರೆ. ತಂಗಿ 22 ಕಿಲೋ ಹುಡುಗನನ್ನು ಸೊಂಟದ ಮೇಲೆ ಹೊತ್ತು ಎರಡು ಬಸ್ ಬದಲಿಸುತ್ತಾಳೆ. ಆಗದ ದಿನ ಬಿಡುತ್ತಾಳೆ. ಈಗೀಗ ಬಿಟ್ಟ ದಿನಗಳೇ ಜಾಸ್ತಿ. ಎರಡು ತಿಂಗಳಲ್ಲಿ ಅವನ ಮೀನಖಂಡ ಮತ್ತೆ ಬಿಗಿದುಕೊಂಡಿದೆ, ಹಿಮ್ಮಡಿ ನೆಲಕ್ಕೆ ತಾಗುತ್ತಿಲ್ಲ.

ನನ್ನ ಲೆಕ್ಕ ಹೀಗಿದೆ. ನವೆಂಬರ್ 1ರಿಂದ ಡಿಸೆಂಬರ್ 3ರ ತನಕ, ಅಂದರೆ ವಿಶ್ವ ಅಂಗವಿಕಲರ ದಿನದ ತನಕ, 33 ದಿನ ದಿನಾ 10 ಸಾವಿರ ಹೆಜ್ಜೆ ನಡೆಯುತ್ತೇನೆ. ಒಪ್ಪಿದವರು ಸಾವಿರ ಹೆಜ್ಜೆಗೆ ಒಂದು ರೂಪಾಯಿಯಂತೆ ಕೊಡಬೇಕು. ಆರು ತಿಂಗಳ ಬಾಡಿಗೆ 72 ಸಾವಿರ ಆಗಬೇಕು. ಯಾರಾದರೂ ಇಂಥದ್ದು ಮಾಡಿದ್ದೀರಾ? ಏನು ತಪ್ಪಾಗಬಹುದು, ಈಗಲೇ ಹೇಳಿಬಿಡಿ.

ಸಾಧನಕೇರಿ ಕಾಕಾ · ಅಕ್ಟೋಬರ್ 19

ತಂಗಿ, ಮನಸ್ಸು ಒಳ್ಳೇದು. ಆದರೆ ಕಾಲಿಗೆ ಮನಸ್ಸಿನ ಮಾತು ತಿಳಿಯೋದಿಲ್ಲ. ನಾನು ರಿಟೈರ್ ಆದ ಮೇಲೆ ಹನ್ನೊಂದು ವರ್ಷದಿಂದ ಕೆಲಗೇರಿ ಕೆರೆ ಕಡೆ ನಡೆಯುತ್ತಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಮೊದಲನೇದು, 10 ಸಾವಿರ ಅನ್ನೋ ಅಂಕಿ ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದಿತು. ಹೆಸರು ಮಾನ್‌ಪೊ-ಕೆಯ್, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಅಂಗಡಿಯಿಂದ ಬಂದ ಅಂಕಿ ಅದು, ಈಗ ಜಗತ್ತಿಗೇ ಶಾಸ್ತ್ರ ಆಗಿದೆ. ತಪ್ಪೇನಿಲ್ಲ, ಗುಂಡಗೆ ಇದೆ, ನೆನಪಲ್ಲಿ ಉಳಿಯುತ್ತೆ. ಆದರೆ ಅದು ಸುಮಾರು ಏಳು ಕಿಲೋಮೀಟರ್. ನಿಮ್ಮ ನಡಿಗೆಗೆ ಒಂದೂವರೆ ತಾಸು ಹಿಡಿಯುತ್ತದೆ.

ಎರಡನೇದು, ನಾಳೆಯಿಂದಲೇ ಶುರು ಮಾಡಿ. 3 ಸಾವಿರ, ನಾಲ್ಕು ದಿನಕ್ಕೆ 5 ಸಾವಿರ, ಹೀಗೆ ಏರಿಸಿ. ನವೆಂಬರ್ 1ಕ್ಕೆ ಒಮ್ಮೆಲೆ 10 ಸಾವಿರಕ್ಕೆ ಹಾರಿದರೆ ಮೂರನೇ ದಿನ ಮೊಣಕಾಲ ಕೆಳಗಿನ ಎಲುಬು ಹಿಡಿದುಕೊಳ್ಳುತ್ತೆ. ಹೊಸ ಬೂಟು ಬೇಡ, ಪಳಗಿದ ಬೂಟು ಹಾಕಿ. ಮೊಬೈಲು ವ್ಯಾನಿಟಿ ಬ್ಯಾಗಿನಲ್ಲಿಟ್ಟರೆ ಲೆಕ್ಕ ತಪ್ಪುತ್ತೆ, ಸೊಂಟದ ಹತ್ತಿರ ಇರಲಿ. ಬೆಳಿಗ್ಗೆ ಆರರ ತನಕ ಕತ್ತಲೆ ಇರುತ್ತೆ, ನಾಯಿಗಳಿಗೆ ಒಂದು ಕೋಲು ಹಿಡಿದುಕೊಳ್ಳಿ. ಬೀಸೋದು ಬೇಡ, ಕೈಯಲ್ಲಿದ್ದರೆ ಸಾಕು.

ನೇರ ಮಾತು · ಅಕ್ಟೋಬರ್ 20

ಇಷ್ಟೆಲ್ಲ ಯಾಕೆ ಅಂತ. ದುಡ್ಡು ಬೇಕಿದ್ದರೆ ಸುಮ್ನೆ ಕೇಳಿ, ಕೊಡುವವರು ಕೊಡ್ತಾರೆ. ನೀವು ನಡೆದರೆ ಟಂಟಂ ಹೇಗೆ ಓಡುತ್ತೆ? ಇದು ಪೇಟೆ ಮಂದಿಯ ಹೊಸ ಶೋಕಿ.

ಗದಗ ಗಾಯನ · ಅಕ್ಟೋಬರ್ 20

ನೇರ ಮಾತಿನವರೇ, ಇದು ಹೊಸದೇನಲ್ಲ, ನಮ್ಮ ನೆಲದ್ದೇ. ಗದಗಿಗೆ ಬನ್ನಿ, ವೀರೇಶ್ವರ ಪುಣ್ಯಾಶ್ರಮ ನೋಡಿ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಕುರುಡು ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದರು, ಹಾಡಿದರು, ಬಂದದ್ದರಲ್ಲಿ ಮಕ್ಕಳಿಗೆ ಉಣಿಸಿದರು, ಸಂಗೀತ ಕಲಿಸಿದರು. 1944ರಲ್ಲಿ ಅವರು ಹೋದ ಮೇಲೆ ಪುಟ್ಟರಾಜ ಗವಾಯಿಗಳು ಅದೇ ನೊಗಕ್ಕೆ ಹೆಗಲು ಕೊಟ್ಟರು. ಅವರಿಗೂ ಕಣ್ಣಿಲ್ಲ. ಆಶ್ರಮದ ಖರ್ಚಿಗೆ ನಾಟಕ ಕಂಪನಿ ಕಟ್ಟಿದರು, ಭಕ್ತರು ಮಾಡಿದ ತುಲಾಭಾರದ ಕಾಣಿಕೆಯೂ ಅಲ್ಲಿಗೇ ಹೋಯಿತು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ನಾನು ಹೇಳೋದು ಇಷ್ಟು. ಕೂತಲ್ಲೇ ಕೈ ಚಾಚಿದವರಿಗೆ ನಮ್ಮ ಮಂದಿ ಒಂದು ಸಲ ಕೊಡ್ತಾರೆ. ಜೋಳಿಗೆ ಹಿಡಿದು ದಿನಾ ಬಾಗಿಲ ಮುಂದೆ ಬಂದವರನ್ನು ಗುರುತಿಟ್ಟುಕೊಳ್ತಾರೆ. ಅಕ್ಕಾರ, ನೀವು ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ ನಡೀರಿ. ದಿನಕ್ಕೊಂದು ದಾರಿ ಬದಲಿಸಬೇಡಿ.

ಎರಡು ಗಾಲಿ · ಅಕ್ಟೋಬರ್ 21

ಧಾರವಾಡದವನು. 2009ರಲ್ಲಿ ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು, ಅವತ್ತಿನಿಂದ ವೀಲ್‌ಚೇರ್. ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

"ನಡೆಯಲಾಗದವರಿಗಾಗಿ ನಾವು ನಡೆಯೋಣ" ಅಂತ ಬ್ಯಾನರ್ ಮಾಡಿಸಬೇಡಿ. ನೀವು ಮಾಡಿಸುತ್ತೀರಿ ಅಂತಲ್ಲ, ಯಾರೋ ಒಬ್ಬರು ಮಾಡಿಸಿಕೊಂಡು ಬಂದೇ ಬರುತ್ತಾರೆ. ಆ ಸಾಲು ನೋಡಿದಾಗೆಲ್ಲ ನನಗೆ ನನ್ನದೇ ತಿಥಿಯ ಕಾರ್ಡು ಓದಿದ ಹಾಗಾಗುತ್ತೆ. ಹುಡುಗನ ಫೋಟೋ ಹಾಕಬೇಡಿ. ಅವನಿಗೆ ಒಂಬತ್ತು ವರ್ಷ, ನಾಳೆ ಹತ್ತೊಂಬತ್ತು ಆಗುತ್ತೆ, ಆ ಫೋಟೋ ಅಷ್ಟರಲ್ಲಿ ಎಲ್ಲೆಲ್ಲಿ ತಿರುಗಿರುತ್ತೋ. ಟಂಟಂನ ಫೋಟೋ ಹಾಕಿ, ಅದಕ್ಕೆ ನಾಚಿಕೆ ಇಲ್ಲ.

ಇನ್ನೊಂದು. ನಡಿಗೆ ಅಂದರೆ ಕಾಲಿನದ್ದೇ ಆಗಬೇಕಾ? ನನ್ನ ಕುರ್ಚಿಯ ದೊಡ್ಡ ಗಾಲಿ 24 ಇಂಚು. ಒಂದು ಸುತ್ತಿಗೆ ಸುಮಾರು 1.9 ಮೀಟರ್. ಒಂದು ಕಿಲೋಮೀಟರಿಗೆ 520ರ ಮೇಲೆ ಸುತ್ತು. ಎಣಿಸಿ ನೋಡಿದ್ದೇನೆ, ಒಂಟಿಯಾಗಿದ್ದಾಗ ಮನುಷ್ಯ ಏನೇನೋ ಎಣಿಸುತ್ತಾನೆ. ನಿಮ್ಮ ಗುಂಪಿಗೆ ನನ್ನಂಥವರು ಸೇರಬೇಕು ಅಂದರೆ ದಾರಿ ಆರಿಸುವಾಗ ನೋಡಿ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ 2018ರಲ್ಲಿ ಶುರುವಾದಾಗ ನನಗೆ ಹಬ್ಬ, ಪ್ಲಾಟ್‌ಫಾರಂ ಮತ್ತು ಬಸ್ಸಿನ ನೆಲ ಒಂದೇ ಮಟ್ಟ, ಯಾರ ಕೈಯೂ ಬೇಡ. ಆದರೆ ಮನೆಯಿಂದ ಆ ಪ್ಲಾಟ್‌ಫಾರಂ ಮುಟ್ಟೋದೇ ಒಂದು ಯಾತ್ರೆ. ಅರ್ಧ ಅಡಿ ಎತ್ತರ ಏರಲು ಆರು ಅಡಿ ಉದ್ದದ ಇಳಿಜಾರು ಬೇಕು, ಒಂದಕ್ಕೆ ಹನ್ನೆರಡು, ಅದು ನಿಯಮ. ನಮ್ಮಲ್ಲಿ ಅರ್ಧ ಅಡಿಗೆ ಒಂದೂವರೆ ಅಡಿ ಸಿಮೆಂಟು ಮೆತ್ತಿ ರ‍್ಯಾಂಪ್ ಅನ್ನುತ್ತಾರೆ. ಅದು ಜಾರುಬಂಡಿ. ಅಂಗವಿಕಲ ಅನ್ನಿ, ವಿಕಲಚೇತನ ಅನ್ನಿ, ದಿವ್ಯಾಂಗ ಅನ್ನಿ, ನಂದೇನೂ ತಕರಾರಿಲ್ಲ, ಇಳಿಜಾರು ಸರಿಯಾಗಿ ಕಟ್ಟಿ.

ಮತ್ತೆ, ಕೇಳದೆ ಯಾರೂ ಕುರ್ಚಿ ತಳ್ಳಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಉಣಕಲ್ ದಂಡೆ · ಅಕ್ಟೋಬರ್ 21

ಅಣ್ಣಾರ, ಸುಳ್ಳು ಹೇಳೋದಿಲ್ಲ, ಹುಡುಗನ ಫೋಟೋ ಹಾಕಿದ ಪೋಸ್ಟರ್ ನನ್ನ ಮೊಬೈಲಿನಲ್ಲಿ ರೆಡಿ ಇತ್ತು. ಅಳಿಸಿದೆ. ತಂಗಿಗೆ ನಿಮ್ಮ ಮಾತು ಓದಿ ಹೇಳಿದೆ. "ನಾನು ಬೇಡ ಅನ್ನಬೇಕು ಅಂತಿದ್ದೆ, ನೀನು ಇಷ್ಟು ಓಡಾಡುತ್ತಿದ್ದೀಯಲ್ಲ ಅಂತ ಸುಮ್ಮನಿದ್ದೆ" ಅಂದಳು.

ಹಾವೇರಿ ಲೆಕ್ಕಪತ್ರ · ಅಕ್ಟೋಬರ್ 22

ಮೇಡಂ, ಎಲ್ಲರೂ ಕಾಲಿನ ಬಗ್ಗೆ ಹೇಳಿದರು, ನಾನು ಕೈಯ ಬಗ್ಗೆ ಹೇಳುತ್ತೇನೆ. ನಿಮ್ಮ ಸ್ವಂತ ನಂಬರಿಗೆ ಯುಪಿಐ ಹಾಕಿಸಿಕೊಳ್ಳಬೇಡಿ. ಮನೆಯ ಹಾಲಿನ ದುಡ್ಡು, ತರಕಾರಿ ದುಡ್ಡು, ಮಕ್ಕಳ ದುಡ್ಡು ಒಂದೇ ಖಾತೆಯಲ್ಲಿ ಕಲಸಿಹೋದರೆ ಹತ್ತನೇ ದಿನಕ್ಕೆ ನಿಮಗೇ ಲೆಕ್ಕ ಸಿಗೋದಿಲ್ಲ. ಬೇರೆಯವರು ಮಾತಾಡೋದು ಆಮೇಲಿನದು. ಟ್ರಸ್ಟಿನ ಹೆಸರಲ್ಲಿರುವ ಖಾತೆಯ ಕ್ಯೂಆರ್ ಕೋಡ್ ತಗೊಳ್ಳಿ. ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತೆ ಅಂತ ನೋಡಿಯೇ ದುಡ್ಡು ಹಾಕಿ ಅಂತ ಎಲ್ಲರಿಗೂ ಹೇಳಿ.

ಟ್ರಸ್ಟಿಗೆ 80ಜಿ, ಅಂದರೆ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿಯ ಮನ್ನಣೆ, ಇದೆಯಾ ಕೇಳಿ. ಇದ್ದರೆ ಕೊಟ್ಟವರಿಗೆ ತೆರಿಗೆಯಲ್ಲಿ ವಿನಾಯಿತಿ ಉಂಟು, ಆದರೆ ಹಳೇ ಪದ್ಧತಿಯಲ್ಲಿ ರಿಟರ್ನ್ ಹಾಕುವವರಿಗೆ ಮಾತ್ರ. ನಗದು 2,000 ರೂಪಾಯಿ ದಾಟಿದರೆ ಆ ದೇಣಿಗೆಗೆ ವಿನಾಯಿತಿ ಸಿಗೋದಿಲ್ಲ. ರಸೀದಿ ಜೊತೆಗೆ ಟ್ರಸ್ಟಿನವರು 10ಬಿಇ ಅನ್ನೋ ದೇಣಿಗೆಯ ಸರ್ಟಿಫಿಕೇಟ್ ಕೊಡಬೇಕು. ಹತ್ತು ರೂಪಾಯಿ ಕೊಡುವವರಿಗೆ ಇದೆಲ್ಲ ಬೇಡ, ಹತ್ತು ಸಾವಿರ ಕೊಡುವವರು ಮೊದಲು ಇದನ್ನೇ ಕೇಳುತ್ತಾರೆ.

ಡಬ್ಬಿ ಇಡುವುದಾದರೆ ಬಾಯಿಗೆ ಸೀಲು ಹಾಕಿ. ಬಿಚ್ಚುವಾಗ ಇಬ್ಬರು ಇರಬೇಕು, ಅದರಲ್ಲಿ ಒಬ್ಬರು ನೀವಾಗಿರಬಾರದು.

ಉಣಕಲ್ ದಂಡೆ · ಅಕ್ಟೋಬರ್ 22

ಸರ್, ನಮ್ಮ ಭಾವನ ಮಗ ಅಮೆರಿಕದಲ್ಲಿದ್ದಾನೆ, 300 ಡಾಲರ್ ಕಳಿಸುತ್ತೇನೆ ಅನ್ನುತ್ತಿದ್ದಾನೆ. ತಗೊಳ್ಳಬಹುದಾ?

ಹಾವೇರಿ ಲೆಕ್ಕಪತ್ರ · ಅಕ್ಟೋಬರ್ 22

ಅವನ ಪಾಸ್‌ಪೋರ್ಟ್ ಯಾವುದು ಅಂತ ಕೇಳಿ. ಭಾರತದ್ದೇ ಇದ್ದು ಅಲ್ಲಿ ದುಡಿಯುತ್ತಿದ್ದರೆ, ಬ್ಯಾಂಕಿನ ಮೂಲಕ ಕಳಿಸಿದ ಅವನ ಉಳಿತಾಯದ ದುಡ್ಡು ವಿದೇಶಿ ದೇಣಿಗೆ ಅನ್ನಿಸಿಕೊಳ್ಳೋದಿಲ್ಲ. ಅಮೆರಿಕದ ಪೌರ ಆಗಿದ್ದರೆ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಟ್ರಸ್ಟಿಗೆ ಎಫ್‌ಸಿಆರ್‌ಎ ಅನ್ನೋ, ವಿದೇಶಿ ದೇಣಿಗೆ ಪಡೆಯುವ ನೋಂದಣಿ ಇಲ್ಲದಿದ್ದರೆ ಮುಟ್ಟಬಾರದು. ಸಣ್ಣ ಟ್ರಸ್ಟುಗಳು ಇಲ್ಲೇ ಗೊತ್ತಿಲ್ಲದೆ ಸಿಕ್ಕಿಬೀಳುತ್ತವೆ.

ರಾಣೆಬೆನ್ನೂರಿನ ಅವ್ವ · ಅಕ್ಟೋಬರ್ 24

ನನ್ನ ಮಗಳಿಗೂ ಇದೇ ತೊಂದರೆ, ಈಗ ಅವಳಿಗೆ 14. ನೀವು ಟಂಟಂ ಬಾಡಿಗೆಗೆ ಅಂದದ್ದು ಓದಿ ಸಮಾಧಾನ ಆಯಿತು. ಎಲ್ಲರೂ ವಸ್ತು ಕೊಡಲು ಬರುತ್ತಾರೆ, ಬಾಡಿಗೆ ಕೊಡಲು ಯಾರೂ ಬರೋದಿಲ್ಲ. ಬಾಡಿಗೆಯನ್ನು ಕೈಗೆ ಕೊಡುವ ಫೋಟೋ ಚೆನ್ನಾಗಿ ಬರೋದಿಲ್ಲ ನೋಡಿ.

ಅವಳಿಗೆ ಏಳು ವರ್ಷ ಇದ್ದಾಗ ಒಂದು ಸಂಸ್ಥೆಯವರು ಮೆರವಣಿಗೆ ಮಾಡಿ ವೀಲ್‌ಚೇರ್ ಕೊಟ್ಟರು. ದೊಡ್ಡವರ ಕುರ್ಚಿ. ಅವಳು ಅದರಲ್ಲಿ ಬುಟ್ಟಿಯಲ್ಲಿ ಕೂತ ಕೋಳಿಮರಿ ಥರ ಒಂದು ಬದಿಗೆ ವಾಲುತ್ತಿದ್ದಳು. ಪಾದ ಕೆಳಗೆ ತಾಗುತ್ತಿರಲಿಲ್ಲ. ಫಿಸಿಯೋ ಮೇಡಂ ನೋಡಿ ಬೈದರು, ಹೀಗೆ ಕೂರಿಸಿದರೆ ಬೆನ್ನೆಲುಬೇ ಬಾಗುತ್ತೆ, ಕುರ್ಚಿ ಸೊಂಟದ ಅಳತೆಗೆ ಇರಬೇಕು ಅಂದರು. ಈಗ ಆ ಕುರ್ಚಿ ನಮ್ಮ ತವರಿನಲ್ಲಿದೆ, ಬ್ಯಾಡಗಿ ಮೆಣಸಿನಕಾಯಿ ಚೀಲ ಸಾಗಿಸಲು ಬಹಳ ಅನುಕೂಲ.

ಅಕ್ಕಾರ, ಆರು ಮಕ್ಕಳಿಗೂ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್, ಆಗಿದೆಯಾ ನೋಡಿ. ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಮೇಲೆ ಇದ್ದರೆ ಪಿಂಚಣಿ, ಬಸ್ ಪಾಸ್ ಎಲ್ಲಕ್ಕೂ ಅದೇ ಬುಡ. ನಿರಾಮಯ ಅಂತ ವಿಮೆ ಇದೆ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷದ ತನಕ, ಥೆರಪಿ ಖರ್ಚಿಗೂ ಒಂದಿಷ್ಟು ಬರುತ್ತೆ. ಹಳ್ಳಿಯ ಮಕ್ಕಳಾದರೆ ಪಂಚಾಯಿತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯೂ ಅವರನ್ನು ಹಿಡಿಯಿರಿ. ನಾನು ಇದೆಲ್ಲ ತಿಳಿದುಕೊಳ್ಳಲು ಆರು ವರ್ಷ ತಗೊಂಡೆ.

ಉಣಕಲ್ ದಂಡೆ · ನವೆಂಬರ್ 2

ಎರಡು ದಿನ ಮುಗಿಯಿತು. ನಿನ್ನೆ 10,212, ಇವತ್ತು 10,040. ಇವತ್ತು ಕಡೆಯ 600 ಹೆಜ್ಜೆಯನ್ನು ರಾತ್ರಿ ಅಡುಗೆಮನೆಯಿಂದ ಬಾಗಿಲ ತನಕ ತಿರುಗಿ ಮುಗಿಸಿದೆ. ಯಜಮಾನರು "ಬೆಕ್ಕಿಗೆ ತಲೆ ತಿರುಗುತ್ತಿದೆ" ಅಂದರು.

ಆರು ಮಕ್ಕಳಲ್ಲಿ ಇಬ್ಬರಿಗೆ ಯುಡಿಐಡಿ ಇರಲಿಲ್ಲ. ಅರ್ಜಿ ಹಾಕಿಸಿದ್ದೇವೆ. ನಿರಾಮಯ ಯಾರಿಗೂ ಇರಲಿಲ್ಲ. ರಾಣೆಬೆನ್ನೂರಿನ ಅಕ್ಕಾರಿಗೆ ಕೈಮುಗಿದೆ.

ಭಾವನ ಮಗನದು ಅಮೆರಿಕದ ಪಾಸ್‌ಪೋರ್ಟ್. ಬೇಡ ಅಂದೆ. 300 ಡಾಲರ್ ಬೇಡ ಅನ್ನುವಾಗ ಹೊಟ್ಟೆ ಉರಿಯಿತು.

ಉಣಕಲ್ ದಂಡೆ · ನವೆಂಬರ್ 8

ಇಲ್ಲಿ ಒಪ್ಪಿಕೊಳ್ಳಬೇಕು, ನನ್ನ ಸಾವಿರ ಹೆಜ್ಜೆಗೆ ಒಂದು ರೂಪಾಯಿ ಲೆಕ್ಕ ಯಾರಿಗೂ ಹತ್ತಲಿಲ್ಲ. ಏಳು ದಿನಕ್ಕೆ 19 ಜನ. ಅದರಲ್ಲಿ ಹದಿನಾಲ್ಕು ಜನ ನೆಂಟರು, ಅಂದರೆ ಭಯಕ್ಕೆ ಕೊಟ್ಟವರು. ನಿನ್ನೆ ಕೆರೆ ದಂಡೆಯ ಹತ್ತಿರ ಚಹಾ ಅಂಗಡಿಯವರು ಕೇಳಿದರು, "ಮೇಡಂ, ಅದೇನ್ರೀ ದಿನಾ ಬೋರ್ಡ್ ಹಾಕ್ಕೊಂಡು ತಿರುಗ್ತೀರಿ?" ಹೆಜ್ಜೆ ಲೆಕ್ಕ ಹೇಳಿದೆ. ಅವರ ಮುಖ ನೋಡಿ ನನಗೇ ಅಯ್ಯೋ ಅನ್ನಿಸಿತು. ಆಮೇಲೆ ಹೇಳಿದೆ, ದಿನಕ್ಕೆ ಹತ್ತು ರೂಪಾಯಿ, ಮೂವತ್ತಮೂರು ದಿನ, ಆರು ಮಕ್ಕಳ ಟಂಟಂ ಬಾಡಿಗೆಗೆ. "ಹಂಗ ಹೇಳ್ರಿ ಮತ್ತ, ಒಂದು ಚಹಾದ ರೊಕ್ಕ" ಅಂದರು. 330 ರೂಪಾಯಿ ಅಲ್ಲೇ ಸ್ಕ್ಯಾನ್ ಮಾಡಿದರು, ಡಬ್ಬಿಯನ್ನೂ ತಮ್ಮ ಗಲ್ಲಾದ ಪಕ್ಕ ಇಟ್ಟುಕೊಂಡರು.

ಬೋರ್ಡ್ ಬದಲಿಸಿದೆ. ಈಗ ಅದರಲ್ಲಿ ಹೆಜ್ಜೆಯ ಮಾತಿಲ್ಲ. ಟಂಟಂನ ಚಿತ್ರ, ಇಷ್ಟು ಬೇಕು, ಇಷ್ಟು ಬಂತು. ಬಂದ ಅಂಕಿಯನ್ನು ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ತಿದ್ದುತ್ತೇನೆ. ಜನ ನನ್ನ ಮುಖಕ್ಕಿಂತ ಮೊದಲು ಆ ಅಂಕಿ ನೋಡುತ್ತಾರೆ.

ಸಾಧನಕೇರಿ ಕಾಕಾ · ನವೆಂಬರ್ 8

ಕಾಲು ಹೇಗಿದೆ ಅಂತ ಬರೆಯಲೇ ಇಲ್ಲ.

ಉಣಕಲ್ ದಂಡೆ · ನವೆಂಬರ್ 9

ಕಾಕಾ, ನೀವು ಹೇಳಿದ ಜಾಗದಲ್ಲೇ, ಮೊಣಕಾಲ ಕೆಳಗೆ ಮುಂದಿನ ಎಲುಬು. ಒತ್ತಿದರೆ ಜೀವ ಹೋಗುತ್ತೆ.

ಸಾಧನಕೇರಿ ಕಾಕಾ · ನವೆಂಬರ್ 9

ಐಸ್ ಇಡಿ. ಎರಡು ದಿನ ಅರ್ಧಕ್ಕೆ ಇಳಿಸಿ, ಅದನ್ನೂ ಬೆಳಿಗ್ಗೆ ಒಂದಿಷ್ಟು ಸಂಜೆ ಒಂದಿಷ್ಟು ಮಾಡಿ. ಸಿಮೆಂಟು ಬಿಟ್ಟು ಮಣ್ಣಿನ ಮೇಲೆ ನಡೀರಿ. ನೋವು ಒಂದೇ ಬಿಂದುವಿನಲ್ಲಿ ಗುದ್ದಿದ ಹಾಗೆ ಇದ್ದರೆ ಡಾಕ್ಟರ್‌ಗೆ ತೋರಿಸಿ, ಎಲುಬಿನ ಬಿರುಕೂ ಹಾಗೇ ಶುರುವಾಗುತ್ತೆ. ಹಟ ಬೇಡ. 10 ಸಾವಿರ ಆಗದಿದ್ದರೆ ಚಹಾದವರು 330 ವಾಪಸ್ ಕೇಳ್ತಾರಾ?

ಉಣಕಲ್ ದಂಡೆ · ನವೆಂಬರ್ 15

ಎರಡು ದಿನ 5 ಸಾವಿರಕ್ಕೆ ಇಳಿಸಿದೆ, ಬೋರ್ಡಿನಲ್ಲೂ ಹಾಗೇ ಬರೆದೆ: ಕಾಲು ನೋವು, ಇವತ್ತು ಅರ್ಧ. ತಮಾಷೆ ಕೇಳಿ, ಇಷ್ಟು ದಿನದಲ್ಲಿ ಡಬ್ಬಿಗೆ ಜಾಸ್ತಿ ಬಿದ್ದದ್ದು ಆ ಎರಡು ದಿನ. ಮಿರ್ಚಿ ಅಂಗಡಿಯ ಅಜ್ಜಿ ಒಬ್ಬರು ಗಿರ್ಮಿಟ್ ಕಟ್ಟಿಕೊಟ್ಟು "ಅರಿಷಿಣ ಹಚ್ಚವಾ" ಅಂದರು. ಹಚ್ಚಿದೆ. ಐಸನ್ನೂ ಇಟ್ಟೆ, ಕಾಕಾ.

ಈಗ ಜೊತೆಗೆ ಮೂರ್ನಾಲ್ಕು ಜನ ದಿನಾ ಬರುತ್ತಾರೆ. ಒಬ್ಬರು ನಿವೃತ್ತ ಟೀಚರ್, ಅವರ ಹಳೇ ವಿದ್ಯಾರ್ಥಿಗಳು ಊರ ತುಂಬ ಇದ್ದಾರೆ. ಟೀಚರ್ ಕೈ ತೋರಿಸಿದರೆ ಗಾಡಿ ನಿಲ್ಲುತ್ತೆ, ಗಾಡಿ ನಿಂತರೆ 330.

ಇವತ್ತು ಬೆಳಿಗ್ಗೆಯಿಂದ ಮಳೆ. ಛತ್ರಿ ಹಿಡಿದು 4 ಸಾವಿರ ಆಗಿದೆ.

ನೇರ ಮಾತು · ನವೆಂಬರ್ 15

ಮಳೆಗೆ ರೈಲ್ವೆ ಸ್ಟೇಷನ್‌ಗೆ ಹೋಗಿ. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರಂ ನಮ್ಮ ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ್ದು, 1,507 ಮೀಟರ್. ಎರಡು ಸಲ ಹೋಗಿ ಬಂದರೆ ಆರು ಕಿಲೋಮೀಟರ್ ಆಯ್ತು.

ಉಣಕಲ್ ದಂಡೆ · ನವೆಂಬರ್ 15

ಪ್ಲಾಟ್‌ಫಾರಂ ಟಿಕೆಟ್‌ಗೆ ಹತ್ತು ರೂಪಾಯಿ. ಆ ಹತ್ತನ್ನು ನೀವು ನಮ್ಮ ಡಬ್ಬಿಗೆ ಹಾಕಿದರೆ ನಾನು ಮಳೆಯಲ್ಲೇ ನಡೆಯುತ್ತೇನೆ.

ನೇರ ಮಾತು · ನವೆಂಬರ್ 15

330 ಹಾಕಿದ್ದೇನೆ. ಶೋಕಿ ಅಂದ ಮಾತು ವಾಪಸ್ ತಗೊಂಡಿಲ್ಲ.

ಎರಡು ಗಾಲಿ · ನವೆಂಬರ್ 22

ಡಿಸೆಂಬರ್ 3ಕ್ಕೆ ಕಡೆಯ ನಡಿಗೆ ಧಾರವಾಡದಲ್ಲಿ ಇಟ್ಟುಕೊಳ್ಳಿ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಡಾಂಬರು ರಸ್ತೆ ನನ್ನ ಗಾಲಿಗೆ ಒಗ್ಗುತ್ತೆ. ಏರು ಇದೆ, ಅಲ್ಲಿ ನಾನು ನಿಧಾನ, ಇಳಿಜಾರಿನಲ್ಲಿ ನೀವು ನಿಧಾನ. ನಮ್ಮ ಕಡೆಯಿಂದ ಮೂರು ಕುರ್ಚಿ, ಒಂದು ಊರುಗೋಲು, ಒಬ್ಬರು ಬಿಳಿ ಕೋಲಿನವರು. ಭಾಷಣ ಬೇಡ. ಇಟ್ಟರೆ ಪೇಢಾ ಹಂಚಿದ ಮೇಲೆ ಇಡಿ, ಬೇಕಾದವರು ಕೇಳಲಿ.

ಉಣಕಲ್ ದಂಡೆ · ಡಿಸೆಂಬರ್ 4

ಮುಗಿಯಿತು. ಲೆಕ್ಕ ಮೊದಲು. ದಿನಕ್ಕೆ ಹತ್ತರಂತೆ 330 ಕೊಟ್ಟವರು 131 ಜನ, 43,230. ಡಬ್ಬಿಯಲ್ಲಿ 9,460, ಟೀಚರ್ ಮತ್ತು ಚಹಾ ಅಂಗಡಿಯವರ ಮುಂದೆ ಬಿಚ್ಚಿ ಎಣಿಸಿ ಟ್ರಸ್ಟಿಗೆ ಕಟ್ಟಿದ್ದು. ಒಂದೇ ಸಲ ಕೊಟ್ಟವರದು 8,500. ಒಟ್ಟು 61,190. 72 ಸಾವಿರ ಆಗಲಿಲ್ಲ. ಐದು ತಿಂಗಳ ಬಾಡಿಗೆ ಆಯಿತು, ಮೇಲೆ 1,190 ಉಳಿಯಿತು. ಏಪ್ರಿಲ್ ತನಕ ನಡೆಯುತ್ತೆ. ಮೇ ತಿಂಗಳು ಸೆಂಟರ್‌ಗೆ ರಜೆ, ಜೂನಿನದು ಜೂನಿಗೆ ನೋಡೋಣ. ರಸೀದಿಗಳನ್ನು ಟ್ರಸ್ಟಿನವರು ಕಳಿಸುತ್ತಿದ್ದಾರೆ, ಹಾವೇರಿ ಸರ್ ಹೇಳಿದ ಸರ್ಟಿಫಿಕೇಟ್ ಸಮೇತ.

ಹೆಜ್ಜೆ: 33 ದಿನಕ್ಕೆ 3,14,876. ಗುರಿಗೆ 15 ಸಾವಿರ ಕಮ್ಮಿ. ಯಾರೂ ಕೇಳಲೇ ಇಲ್ಲ, ನಾನೇ ಹೇಳುತ್ತಿದ್ದೇನೆ.

ಟಂಟಂ ಸೋಮವಾರದಿಂದಲೇ ಶುರುವಾಗಿದೆ. ಮೊದಲ ದಿನ ನಾಲ್ಕು ಮಕ್ಕಳು. ಐದನೆಯವನು ತಿಂಗಳುಗಟ್ಟಲೆ ಮನೆಯಲ್ಲಿದ್ದು ರೂಢಿ ತಪ್ಪಿದ್ದಾನೆ, ಹತ್ತಲು ಒಲ್ಲೆ ಅಂತ ಅತ್ತ. ಆರನೆಯ ಹುಡುಗಿಯ ಮನೆಯವರು ಅಜ್ಜಿಯ ಊರಿಗೆ ಕಳಿಸಿಬಿಟ್ಟಿದ್ದಾರೆ. ನಮ್ಮ ಹುಡುಗ ಡ್ರೈವರ್ ಪಕ್ಕದ ಸೀಟೇ ಬೇಕು ಅಂತ ಹಟ ಹಿಡಿದು ಗೆದ್ದ. ಹಿಮ್ಮಡಿ ನೆಲ ಮುಟ್ಟಲು ಇನ್ನೂ ಟೈಮ್ ಬೇಕಂತೆ.

ರಾಣೆಬೆನ್ನೂರಿನ ಅವ್ವ · ಡಿಸೆಂಬರ್ 4

ಆ ಆರನೆಯ ಹುಡುಗಿ ಯಾವ ತಾಲ್ಲೂಕಿಗೆ ಹೋದಳು ಅಕ್ಕಾರ? ನಮ್ಮ ಕಡೆ ಆದರೆ ಹೇಳಿ, ನಾನು ಹೋಗಿ ಮಾತಾಡಿಸಿ ಬರುತ್ತೇನೆ.

ಎರಡು ಗಾಲಿ · ಡಿಸೆಂಬರ್ 5

ಮೊನ್ನೆಯ ನಡಿಗೆಯ ಫೋಟೋ ಬಂತು. ನನ್ನ ಕುರ್ಚಿಯ ಹಿಂದೆ ನಿಂತು ಹಲ್ಲು ಕಚ್ಚಿ ತಳ್ಳುತ್ತಿರುವ ಆ ನೀಲಿ ಅಂಗಿಯವರು ಯಾರು? ಕೇಳಿದ್ದರೆ ಹೇಳುತ್ತಿದ್ದೆ, ನಾನು ಬ್ರೇಕ್ ಹಾಕಿದ್ದೆ.

ನೇರ ಮಾತು · ಡಿಸೆಂಬರ್ 5

ನಾನೇ. ಅದಕ್ಕೇ ಅಷ್ಟು ಭಾರ ಇತ್ತಾ?